ಗೋಡೆಗೆ ಉಡಿಸಿದ ಹಸಿರು ಸೀರೆ

ಗೆಳೆಯರೇ, ಈ ಕತೆ ಶುರುವಾಗಿದ್ದು ಅಮೆರಿಕದ ಆಶ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯ ಶೋಭಾ ಆಂಟಿಯ ಮಾತಿನಿಂದ, ನಿನ್ನೆ ಸಂಜೆ ಕಾಫಿಯ ಹೊತ್ತಿಗೆ. ನನ್ನ ತಂಗಿ ರೇಖಾಳಿಗೆ ಈಗ ಏಳು ತಿಂಗಳು. ಇವತ್ತು ಮನೆಯಲ್ಲೇ ಸೀಮಂತ, ಎಲ್ಲವೂ ಹಸಿರು ಎಂದು ತೀರ್ಮಾನವಾಗಿತ್ತು. ಹಿಂದಿನ ಗೋಡೆಯ ಅಲಂಕಾರಕ್ಕೆ ಡೆಕೋರೇಟರ್ ಹೇಳಿದ ರೇಟು ಕೇಳಿ ಬೇಡವೆಂದ ಮೇಲೆ ರೇಖಾಳ ಮುಖ ಬಾಡಿತ್ತು.

"ಬಿಡಕ್ಕ, ಖಾಲಿ ಗೋಡೆ ಮುಂದೇನೇ ಕೂತ್ಕೋತೀನಿ" ಎಂದಳು.

ಶೋಭಾ ಆಂಟಿ ನಕ್ಕರು. "ಮಂಡ್ಯದಲ್ಲಿ ನನ್ನ ಸೀಮಂತಕ್ಕೆ ನಮ್ಮತ್ತೆ ಏನ್ ಮಾಡಿದ್ರು ಗೊತ್ತಾ? ಬೀದಿಯವರ ಹಸಿರು ಸೀರೆಗಳನ್ನೆಲ್ಲ ತರಿಸಿ ಗೋಡೆ ತುಂಬ ಇಳಿಬಿಟ್ರು. ಮಹಾರಾಣಿ ಥರ ಕೂತಿದ್ದೆ ಕಣೇ!"

ಕಾಫಿಗೆ ಬಂದಿದ್ದ ಗೆಳತಿಯರೆಲ್ಲ ಕೇಳಿಸಿಕೊಂಡರು. ಇವತ್ತು ಬೆಳಿಗ್ಗೆ ಒಬ್ಬೊಬ್ಬರೂ ತಾವು ಉಡಬೇಕೆಂದಿದ್ದ ಹಸಿರು ರೇಷ್ಮೆ ಸೀರೆಯನ್ನೇ ಹಿಡಿದು ಬಂದರು. ಪಿನ್ನು ಹಾಕಿ ಇಳಿಬಿಟ್ಟಾಗ ಗೋಡೆ ಬಾಳೆತೋಟದಂತೆ ಕಂಡಿತು. ರೇಖಾ ಕುಣಿಯುವುದೊಂದೇ ಬಾಕಿ. ಆಮೇಲೆ ಕೇಳಿದಳು: "ಅಕ್ಕ, ನಾನು ಉಡೋ ಸೀರೆ ಎಲ್ಲಿ?"

ಅದೂ ಗೋಡೆಯ ಮೇಲಿತ್ತು. ಅದೊಂದನ್ನು ಇಳಿಸಿ ಅವಳಿಗೆ ಉಡಿಸಿದೆವು. ಆರತಿ ಎತ್ತಿದ ನಾವೆಲ್ಲ ಜೀನ್ಸಿನಲ್ಲೇ ಇದ್ದೆವು. ಫೋಟೋಗಳಲ್ಲಿ ನಮಗಿಂತ ಗೋಡೆಯೇ ಸಂಪ್ರದಾಯಸ್ಥವಾಗಿದೆ.