ಕೆಂಪಾದಲ್ಲಿ ಉಜ್ಜಬೇಡಿ

ಅವರ ಅಂಗೈ ಗಂಡಸರದ್ದಷ್ಟು ಅಗಲ. ಸ್ಪಿರಿಟ್‌ನಲ್ಲಿ ನೆನೆದು ನೆನೆದು ಬೆರಳ ತುದಿಯ ಚರ್ಮ ಬಿಳಿಚಿ ಸುಲಿದಿರುತ್ತಿತ್ತು. ಮಂಗಳೂರಿನ ಆಸ್ಪತ್ರೆಯೊಂದಕ್ಕೆ ನಾನು ಹೊಸ ನರ್ಸಾಗಿ ಸೇರಿದಾಗ ಅವರು ನಮ್ಮ ವಾರ್ಡಿನ ಹಿರಿಯ ಸಿಸ್ಟರ್. ಹಾಸಿಗೆ ಹಿಡಿದವರ ಬೆನ್ನಿಗೆ ಹುಣ್ಣಾಗದಂತೆ ಸ್ಪಿರಿಟ್, ಪೌಡರ್ ಹಾಕಿ ಉಜ್ಜುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ಕೆಂಪಾದಲ್ಲಿ ಇನ್ನೂ ಸ್ವಲ್ಪ ಉಜ್ಜು ಮಾರಾಯ್ತಿ, ರಕ್ತ ಓಡ್ಲಿ" ಎನ್ನುತ್ತಿದ್ದರು. ಉಳ್ಳಾಲದಿಂದ, ಕೂಳೂರಿನಿಂದ ಬರುವ ರೋಗಿಗಳ ಮನೆಯವರಿಗೂ ಅದನ್ನೇ ಕಲಿಸುತ್ತಿದ್ದರು.

ಅವರ ನಿವೃತ್ತಿಗೆ ಒಂದು ವರ್ಷವಿದ್ದಾಗ, ನೋಂದಣಿ ನವೀಕರಿಸಲು ನರ್ಸುಗಳು ತರಗತಿಗೆ ಹೋಗಲೇಬೇಕು ಎಂದಾಯಿತು. "ಈ ಪ್ರಾಯದಲ್ಲಿ ಎಂತ ಕಲಿಯುದು? ಬನ್ಸ್ ಉಂಟಂತೆ, ತಿಂದು ಬರ್ತೇನೆ" ಎಂದು ನಗುತ್ತ ಹೋದವರು ಮಧ್ಯಾಹ್ನ ಸೀದಾ ಮೂರನೇ ಮಂಚದ ಬಳಿಗೆ ಬಂದರು. ಅಲ್ಲಿ ರೋಗಿಯ ಹೆಂಡತಿ ಅವನ ಸೊಂಟದ ಕೆಳಗಿನ ಕೆಂಪು ಕಲೆಯನ್ನು ಉಜ್ಜುತ್ತಿದ್ದಳು. ಸಿಸ್ಟರ್ ಅವಳ ಕೈ ಹಿಡಿದರು.

"ಉಜ್ಜಬೇಡಿ. ಒಳಗಿನ ಮಾಂಸ ಸಾಯ್ತದಂತೆ. ಆಗಾಗ ಮಗ್ಗುಲು ಬದಲಿಸಿ."

"ಬೆಳಿಗ್ಗೆ ನೀವೇ ಅಲ್ವಾ ಉಜ್ಜಿ ಅಂದದ್ದು?"

"ಹೌದು. ಬೆಳಿಗ್ಗೆ ನನಗೆ ಗೊತ್ತಿರ್ಲಿಲ್ಲ."

ಇಡೀ ವಾರ್ಡಿಗೆ ಕೇಳುವ ದನಿ. "ಮೆಲ್ಲ, ಸಿಸ್ಟರ್" ಎಂದೆ. ಅವರು ನನ್ನತ್ತ ತಿರುಗಿದರು. "ಈಗಿನ ಮಕ್ಕಳಿಗೆ ಕಾಲೇಜಿನಲ್ಲೇ ಇದರ ಪಾಠ ಉಂಟಂತೆ. ನಿನಗೆ ಗೊತ್ತಿತ್ತಾ?"

ಆ ಕ್ಷಣವನ್ನು ನನ್ನ ನೆನಪು ಎಷ್ಟೋ ಸಲ ತಿದ್ದಿದೆ. ಒಂದು ಸಲ ಅಷ್ಟರಲ್ಲಿ ಫೋನು ಬರುತ್ತದೆ; ಇನ್ನೊಂದು ಸಲ ಡಾಕ್ಟರು ಕರೆಯುತ್ತಾರೆ. ಎರಡನ್ನೂ ನಂಬಬೇಡಿ. ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ. ಅವರಿಗೆ ಹೇಳುವ ಧೈರ್ಯವಿಲ್ಲದೆ ಎರಡು ವರ್ಷ ಅವರಂತೆಯೇ ಉಜ್ಜಿದ್ದೆ.

"ಇಲ್ಲ, ಸಿಸ್ಟರ್" ಎಂದೆ.

"ಪಾಪ, ನಿನಗೂ ಯಾರೂ ಹೇಳ್ಲಿಲ್ಲ!"

ಮುಂದಿನ ತರಗತಿಗೆ ನನ್ನ ಹೆಸರನ್ನೂ ಸೇರಿಸಿದರು. ಪಕ್ಕದಲ್ಲಿ ಕೂರಿಸಿಕೊಂಡು, ನನಗೆ ಗೊತ್ತಿದ್ದುದನ್ನೇ ನನ್ನಿಂದ ಬರೆಸಿದರು. ಮನೆಗೆ ಹೋಗಿದ್ದ ರೋಗಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, "ನಾನು ಕಲಿಸಿದ್ದು ತಪ್ಪು, ಉಜ್ಜುದು ಬಿಡಿ" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ನಾನು ನಿಜ ಹೇಳಲೇ ಇಲ್ಲ.

ಈಗ ಆ ತರಗತಿ ನಡೆಸುವವಳು ನಾನು. ಶುರುವಿಗೇ ಹೊಸಬರನ್ನು ಕೇಳುತ್ತೇನೆ: "ನಿಮ್ಮ ಹಿರಿಯರು ಮಾಡುವುದರಲ್ಲಿ ಎಂತ ತಪ್ಪುಂಟು, ಹೇಳಿ." ಎಲ್ಲರೂ ತಲೆ ತಗ್ಗಿಸುತ್ತಾರೆ. ಒಬ್ಬರಾದರೂ ಬಾಯಿ ಬಿಡುವವರೆಗೆ ನಾನು ಪಾಠ ಆರಂಭಿಸುವುದಿಲ್ಲ.