ಬಲೆಯಿಲ್ಲದ ಗೋಲಿನ ಹಿಂದೆ

ಅಣ್ಣನ ತಂಡ ಆಡುತ್ತಿದ್ದದ್ದು ಯಾವ ಲೀಗಿಗೂ ಸೇರದ ಫುಟ್‌ಬಾಲ್. ಮೀನಾ ಸಲ್ಮಾನ್ ಬಂದರಿನ ಗೋದಾಮುಗಳ ಹಿಂದಿನ ಖಾಲಿ ಜಾಗದಲ್ಲಿ, ಶುಕ್ರವಾರ ಮಧ್ಯಾಹ್ನ, ಅಣ್ಣನ ವರ್ಕ್‌ಶಾಪಿನವರು ಒಂದು ಕಡೆ, ಬಂದರಿನ ಡ್ರೈವರುಗಳು ಇನ್ನೊಂದು ಕಡೆ. ಹುಲ್ಲಿಲ್ಲ, ಗಟ್ಟಿ ಮರಳು. ಗೋಲುಕಂಬಗಳನ್ನು ಅಣ್ಣನೇ ಹಳೆಯ ಪೈಪುಗಳಿಂದ ವೆಲ್ಡ್ ಮಾಡಿದ್ದ. ಬಲೆ ಮಾತ್ರ ಇರಲಿಲ್ಲ. ತಂಡದ ಗೋಲ್‌ಕೀಪರನೂ ಅವನೇ. ಕೈಗೆ ವರ್ಕ್‌ಶಾಪಿನ ಚರ್ಮದ ಗ್ಲೌಸ್ ಹಾಕಿಕೊಂಡು ನಿಲ್ಲುತ್ತಿದ್ದ.

ಆಗಷ್ಟೇ ನಾನು ಡಿಗ್ರಿ ಮುಗಿಸಿ ಊರಿನಿಂದ ಗಲ್ಫಿಗೆ ಬಂದಿದ್ದೆ. ಸೆಗಯಾದಲ್ಲಿ ಅಣ್ಣ ಅತ್ತಿಗೆಯ ಜೊತೆಗಿದ್ದು ಈಸಾ ಟೌನಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಚಳಿಗಾಲ ಬಂತೆಂದರೆ ಅಣ್ಣ ನಮ್ಮಿಬ್ಬರನ್ನೂ ಮ್ಯಾಚಿಗೆ ಕರೆದೊಯ್ಯುತ್ತಿದ್ದ. ಕರೆದೊಯ್ಯುತ್ತಿದ್ದ ಎಂದರೆ, ಮೈದಾನದ ಗೆರೆಯ ಪಕ್ಕ ಕಾರು ನಿಲ್ಲಿಸಿ, ನಮ್ಮನ್ನು ಒಳಗೇ ಬಿಟ್ಟು ಆಡಲು ಹೋಗುತ್ತಿದ್ದ. ಬೇರೆ ಸಂಸಾರಗಳದ್ದೂ ಇದೇ ಕ್ರಮ. ಕಾರುಗಳ ಸಾಲು, ಏರಿಸಿದ ಗಾಜು, ಒಳಗೆ ಹೆಂಗಸರು, ಮಡಿಲಲ್ಲಿ ಚಹಾದ ಫ್ಲಾಸ್ಕು. ಕಾರುಗಳ ಮುಂದೆ ಗಂಡಸರು ಒತ್ತಾಗಿ ನಿಲ್ಲುತ್ತಿದ್ದರು. ಗೋಲಾದರೆ ಯಾರಾದರೂ ಗಾಜು ತಟ್ಟಿ ಹೇಳುತ್ತಿದ್ದರು. ಹೆಂಗಸರು ಇಳಿಯಬಾರದು ಎಂದು ಬಾಯಿಬಿಟ್ಟು ಹೇಳಿದವರಿಲ್ಲ. ಹೊರಗೆ ಧೂಳು ಉಂಟು ಎನ್ನುತ್ತಿದ್ದರು, ಅಷ್ಟೆ.

ಒಂದು ಶುಕ್ರವಾರ ನಾನು ಸ್ವೆಟರಿನ ಗುಂಡಿ ಹಾಕಿಕೊಂಡು ಬಾಗಿಲು ತೆರೆದೆ.

"ಎಲ್ಲಿಗೆ?" ಎಂದರು ಅತ್ತಿಗೆ.

"ಮ್ಯಾಚ್ ನೋಡ್ಲಿಕ್ಕೆ."

"ಇಲ್ಲಿಂದ ಕಾಣುದಿಲ್ವಾ?"

"ಬೆನ್ನು ಕಾಣ್ತದೆ."

ಅಣ್ಣನ ಗೋಲಿನ ಹಿಂದೆ ಜನ ಇರಲಿಲ್ಲ. ಅಲ್ಲಿ ನಿಂತವರು ದೂರ ಹೋದ ಬಾಲನ್ನೆಲ್ಲ ಹೆಕ್ಕಿ ತರಬೇಕಾಗುತ್ತಿತ್ತು. ನಾನು ಹೋಗಿ ಅಲ್ಲಿ ನಿಂತೆ. ಸಮುದ್ರದ ಕಡೆಯ ಗಾಳಿಗೆ ಕಿವಿ ನೋಯುತ್ತಿತ್ತು.

ನಮ್ಮ ತಂಡದ ಕ್ಯಾಪ್ಟನ್ ಕ್ರೇನ್ ಆಪರೇಟರ್, ಅಣ್ಣನ ಸ್ನೇಹಿತ. ಓಡಿಬಂದು ಬಹಳ ಮರ್ಯಾದೆಯಿಂದ, "ಟೀಚರೇ, ಧೂಳು ಉಂಟಲ್ವಾ, ಕಾರಲ್ಲಿ ಕೂತ್ಕೊಳ್ಳಿ," ಎಂದರು.

"ಧೂಳು ನಿಮಗೂ ಉಂಟಲ್ವಾ."

ಅವರು ಅಣ್ಣನ ಕಡೆ ತಿರುಗಿದರು. "ಬರುವ ವಾರ ನಿನ್ನ ತಂಗಿ ಬೂಟು ಕೇಳ್ತಾಳೆ, ನೋಡು ಮಾರಾಯ."

ಅಣ್ಣ ಹಿಂತಿರುಗಿ ನೋಡದೆ, "ಹೋಗಿ ಕೂತ್ಕೊ," ಎಂದ.

"ಮ್ಯಾಚ್ ಮುಗೀಲಿ."

ಬಾಲು ಬರುತ್ತಿದ್ದುದರಿಂದ ಅವನಿಗೆ ಮಾತು ಮುಂದುವರಿಸಲಾಗಲಿಲ್ಲ. ಅವನು ಆಡುವಾಗ ತುಳುವಿನಲ್ಲಿ ತನಗೆ ತಾನೇ ಬೈದುಕೊಳ್ಳುತ್ತಾನೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಮನೆಯಲ್ಲಿ ಅಷ್ಟು ಮಾತು ಅವನು ಯಾರ ಹತ್ತಿರವೂ ಆಡಿದವನಲ್ಲ.

ಮ್ಯಾಚ್ ಮುಗಿಯುತ್ತ ಬಂದಾಗ ನಾವು ಒಂದು ಗೋಲಿನಿಂದ ಮುಂದಿದ್ದೆವು. ಡ್ರೈವರೊಬ್ಬ ಒದ್ದ ಬಾಲು ನೆಲಕ್ಕಂಟಿಕೊಂಡೇ ಬಂತು. ಅಣ್ಣ ಹಾರಿ ಬಿದ್ದ. ಬಾಲು ಎಡಗಡೆಯ ಕಂಬದ ಬದಿಯಲ್ಲಿ ಹಾದು, ನನ್ನನ್ನೂ ದಾಟಿ ಗೋದಾಮಿನ ಗೋಡೆಗೆ ಬಡಿಯಿತು. ಅವರು ಗೋಲ್ ಎಂದರು, ನಮ್ಮವರು ಔಟ್ ಎಂದರು. ಬಲೆಯಿಲ್ಲದ ಗೋಲಿನಲ್ಲಿ ಬಾಲು ಒಳಗೆ ಹೋದದ್ದಕ್ಕೆ ಗುರುತು ಉಳಿಯುವುದಿಲ್ಲ. ರೆಫ್ರಿ ಕೇರಳದ ಒಬ್ಬ ಹಿರಿಯರು. ಆಗ ಮೈದಾನದ ನಡುವೆ ದಮ್ಮು ಕಟ್ಟಿ ನಿಂತಿದ್ದರು.

"ಟೀಚರ್ ಅಲ್ಲೇ ಇದ್ರಲ್ಲ, ಕೇಳಿ," ಎಂದು ಕೂಗಿದವರು ನಮ್ಮ ಕ್ಯಾಪ್ಟನ್ನೇ.

"ಗೋಲ್‌ಕೀಪರನ ತಂಗಿಯನ್ನೇ ಕೇಳುದಾ? ಒಳ್ಳೆ ಕತೆ," ಎಂದ ಡ್ರೈವರುಗಳಲ್ಲಿ ಒಬ್ಬ.

ರೆಫ್ರಿ ಏದುಸಿರು ಬಿಡುತ್ತ ಬಂದರು. "ಬೋಲೋ ಬೆಹನ್, ಅಂದರ್ ಯಾ ಬಾಹರ್?"

ಅಣ್ಣ ಮೊಣಕಾಲಿನ ಮರಳು ಕೊಡವುತ್ತಿದ್ದ. ಕೊಡವಿ ಮುಗಿದ ಮೇಲೂ ಕೊಡವುತ್ತಿದ್ದ. ಬಾಲು ಹೋದದ್ದು ಅವನ ಮೂಗಿನ ಮುಂದೆಯೇ.

"ಅಂದರ್," ಎಂದೆ.

"ಸರಿ ನೋಡಿ ಹೇಳಿ ಟೀಚರೇ," ಎಂದರು ಕ್ಯಾಪ್ಟನ್.

"ಸರಿ ನೋಡ್ಲಿಕ್ಕೇ ಇಲ್ಲಿ ನಿಂತದ್ದು. ಕಂಬದಿಂದ ಒಂದು ಗೇಣು ಒಳಗೆ."

ರೆಫ್ರಿ ಸೀಟಿ ಊದಿದರು. ಡ್ರೈವರುಗಳು ಕುಣಿದರು. "ಇನ್ನಾದ್ರೂ ಕಾರಿಗೆ ಹೋಗಿ," ಎಂದರು ಕ್ಯಾಪ್ಟನ್. ಈ ಸಲ ಧೂಳಿನ ಮಾತು ಇರಲಿಲ್ಲ. ನಾನು ಬಾಲು ಹೆಕ್ಕಿ ತಂದು ಅಣ್ಣನತ್ತ ಎಸೆದು, ಮತ್ತೆ ಅಲ್ಲೇ ನಿಂತೆ. ಮ್ಯಾಚ್ ಸಮವಾಗಿ ಮುಗಿಯಿತು.

ವಾಪಸು ಬರುವಾಗ ಕಾರಿನಲ್ಲಿ ಅಣ್ಣ, "ಬರುವ ವಾರ ನೀನು ಬರುದು ಬೇಡ," ಎಂದ.

"ಧೂಳಾ?"

ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಟೀಮಲ್ಲಿ ನಂಗೊಂದು ಮರ್ಯಾದೆ ಉಂಟು," ಎಂದ ಅಣ್ಣ.

"ಒಳಗೆ ಹೋದದ್ದನ್ನು ನೀನೂ ನೋಡಿದ್ದಿ."

ಅವನು ಗೇರು ಬದಲಿಸಿದ.

"ನೀನು ಕರ್ಕೊಂಡು ಹೋಗದಿದ್ರೆ ನಾನು ಟ್ಯಾಕ್ಸಿಯಲ್ಲಿ ಬರ್ತೇನೆ," ಎಂದೆ. "ಅಲ್ಲೇ ನಿಲ್ತೇನೆ."

ಮುಂದಿನ ಶುಕ್ರವಾರ ಊಟವಾದ ಮೇಲೆ ಸ್ವೆಟರು ಹಾಕಿಕೊಂಡು, ಬೂಟು ಕಟ್ಟಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಅಣ್ಣ ಕಾರಿನ ಕೀಲಿ ತೆಗೆದುಕೊಂಡ, ನನ್ನ ಬೂಟು ನೋಡಿದ, ಮೆಟ್ಟಿಲಿಳಿದ. ನಾನೂ ಇಳಿದೆ.

ಮೈದಾನದಲ್ಲಿ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆರೆದೆ. ಅಣ್ಣ ಗ್ಲೌಸಿಗೆ ಕೈ ತೂರಿಸುತ್ತ, ಯಾರಿಗೋ ಎಂಬಂತೆ, "ಎಡಗಡೆಯ ಕಂಬದ ಹತ್ತಿರ ನಿಲ್ಬೇಡ. ಬಾಲು ಬೀಳ್ತದೆ," ಎಂದ.

ನಾನು ಎಡಗಡೆಯ ಕಂಬದ ಹತ್ತಿರವೇ ನಿಂತೆ.