ಉಳವಪ್ಪಗೌಡನ ಸೈಲೆನ್ಸರ್

ಮಾಸೂರಿನ ಉಳವಪ್ಪಗೌಡನ ಎಡಗಿವಿ ಹೋದದ್ದು ಅವನ ಬಂದೂಕಿನಿಂದಲೇ. ಮದಗದ ಕೆರೆಯ ಕೆಳಗಿನ ಕಬ್ಬಿಗೆ ಹಂದಿ ನುಗ್ಗಿದರೆ ಲೈಸೆನ್ಸಿನ ರೈಫಲ್ ಹಿಡಿದು ಬರುವವನು ಅವನೊಬ್ಬನೇ. ಹೊಡೆದೂ ಹೊಡೆದೂ ಬಲಗಿವಿಯೂ ಗುಂಯ್‌ಗುಡತೊಡಗಿತು. ಹೆಂಡತಿ ಹೊನ್ನವ್ವ ಮೆಲುದನಿಯವಳು. ಅವಳ ಮಾತೂ ಕೇಳದಂತಾದರೆ ಗತಿಯೇನು ಎಂಬ ಚಿಂತೆ ಗೌಡನಿಗೆ ಹತ್ತಿತು.

೧೯೩೭ರಲ್ಲಿ ಮುಂಬಯಿಯಿಂದ ಸೈಲೆನ್ಸರ್ ತರಿಸಿದ. ಸದ್ದು ತಗ್ಗಿಸಲು ನಳಿಗೆಯ ತುದಿಗೆ ತಿರುಪಿ ಕೂಡಿಸುವ ಕಬ್ಬಿಣದ ಕೊಳವೆ ಅದು. ಹಿರೇಕೆರೂರಿನಲ್ಲಿ ಬಂದೂಕು ರಿಪೇರಿ ಮಾಡುವ ಮಲ್ಲಿಕಸಾಬ ಕೂಡಿಸಿಕೊಟ್ಟ. ಇನ್ನು ಕೇಳಬೇಕೆ, ಗೌಡನಿಗೆ ಊಟ ನಿದ್ದೆಯ ನೆನಪಿಲ್ಲ. ಕೆರೆಯ ಏರಿಗೆ ಆನಿಸಿ ಗಡಿಗೆ ಇಟ್ಟು ಹೊಡೆದರೆ ತುದಿಯ ಭಾರಕ್ಕೆ ಗುಂಡು ಗುರಿಗಿಂತ ಕೆಳಗೆ ಬಿತ್ತು. ಗುರಿಯನ್ನು ಮತ್ತೆ ಕಲಿಯಬೇಕಾಯಿತು. ಉದ್ದವಾದ ನಳಿಗೆ ಕಬ್ಬಿನ ಸಾಲಿನಲ್ಲಿ ಸಿಕ್ಕಿಕೊಂಡಿತು. ಬಿಸಿ ಕೊಳವೆ ಮುಟ್ಟಿ ಬೆರಳು ಬೊಬ್ಬೆ ಎದ್ದಿತು. ಸದ್ದಾದರೂ ಪೂರ್ತಿ ಅಡಗಿತೆ? ಇಲ್ಲ. ಢಮ್ಮೆನ್ನುವುದು ಹೋಗಿ, ಗುಂಡು ಗಾಳಿ ಸೀಳುವ ಚಟಾರ್ ಉಳಿಯಿತು.

“ಕಿವಿ ಗುಂಯ್ ಅನ್ನಲಿಲ್ಲ ನೋಡ. ಇನ್ನ ನೀ ಬೈದ್ರೂ ಕೇಳತೈತಿ” ಎಂದ ಮನೆಗೆ ಬಂದು.

“ಹಂಗಾದ್ರ ನೋಡ್ಕೊಂಡ ಬೈತೇನಿ ಬಿಡ್ರಿ” ಎಂದಳು ಹೊನ್ನವ್ವ.

ಆ ಗದ್ದೆಗಳಲ್ಲಿ ಒಂದು ಪದ್ಧತಿ ಇತ್ತು. ಬಂದೂಕಿನ ಸದ್ದು ಕೇಳಿದ ಕೂಡಲೇ ಕೂಲಿಯವರು ಇದ್ದಲ್ಲೇ ನಿಂತು ‘ಹೋ’ ಎನ್ನಬೇಕು. ಯಾರು ಎಲ್ಲಿದ್ದಾರೆಂದು ತಿಳಿದ ಮೇಲೆಯೇ ಎರಡನೇ ಗುಂಡು.

ಒಂದು ನಸುಕಿನಲ್ಲಿ ಗೌಡ ಹಂದಿಗೆ ಹೊಡೆದ. ಗುರಿ ತಪ್ಪಿತು. ‘ಹೋ’ ಬರಲಿಲ್ಲ; ಯಾರೂ ಇಲ್ಲವೆಂದುಕೊಂಡ. ಎದುರಿನ ಕಬ್ಬು ಅಲುಗಿತು. ಹಂದಿಯೇ ಎಂದು ಬಂದೂಕಿನ ಕುದುರೆಯ ಮೇಲೆ ಬೆರಳಿಟ್ಟ. ಹುಲ್ಲಿನ ಹೊರೆ ಹೊತ್ತ ಕೂಲಿಯ ಉಡಚವ್ವ ಹೊರಬಂದಳು.

ಗೌಡ ನಳಿಗೆಯನ್ನು ನೆಲಕ್ಕೆ ತಿರುಗಿಸಿದ. “ಹೋ ಅಂತ ಯಾಕ ಅನ್ನಲಿಲ್ಲಬೇ?”

“ಬಂದೂಕ ಎಲ್ಲಿ ಹಾರ್ತರೀ ಗೌಡ್ರ? ಆ ಕಡಿ ಚಟಾರ್ ಅಂತು. ಹಂದಿ ಕಬ್ಬ ಮುರ್ಯಾಕತ್ತೈತಿ ಅಂತ ಈ ಕಡಿ ಬಂದ್ನಿ.”

ಅವತ್ತೇ ಸೈಲೆನ್ಸರ್ ಬಿಚ್ಚಿಸಿದ.

“ಕಿವ್ಯಾಗ ಹತ್ತಿ ಅರಳಿನರ ಇಟ್ಕೋರಿ” ಎಂದಳು ಹೊನ್ನವ್ವ.

“ಅರಳಿ ತಗಿಯೂದ್ರಾಗ ಹೋ ಮುಗದಿರ್ತೈತಿ” ಎಂದ.

ಹಾಗೆಯೇ ಇನ್ನೂ ಕೆಲವು ವರ್ಷ ಹೊಡೆದ. ಒಂದು ಬೆಳಿಗ್ಗೆ ಗುಂಡು ಹಾರಿಸಿ ಕಾದ. ಎಲ್ಲಿಂದಲೂ ‘ಹೋ’ ಇಲ್ಲ. ತಿರುಗಿ ನೋಡಿದರೆ ಬದುವಿನ ಮೇಲೆ, ಕಾಲುವೆಯ ಪಕ್ಕ ಕೂಲಿಯವರು ನಿಂತಿದ್ದರು. ಎಲ್ಲರ ಬಾಯಿಯೂ ತೆರೆದಿತ್ತು.

ರೈಫಲ್ ಖಾಲಿ ಮಾಡಿ ಮನೆಗೆ ಬಂದ. ಹೊನ್ನವ್ವ ಬಾಗಿಲಲ್ಲೇ ಏನೋ ಕೇಳಿದಳು. ಅವಳ ತುಟಿಯನ್ನೇ ನೋಡುತ್ತ, “ಇನ್ನ ಹೊಡಿಯೂದಿಲ್ಲ” ಎಂದ.